ಹಿಂದಿನ ಸೀಟಿನವಳ ಕೆಲಸ

ಬ್ರನೋ,
ಫೆಬ್ರುವರಿ ೯, ಬುಧವಾರ

ನನ್ನ ಹಟಮಾರಿ ಓಲ್ಡಾ,

ನಿನ್ನ ಹನ್ನೊಂದು ಪುಟದ ಯೋಜನೆ ಸೋಮವಾರ ಕೈಸೇರಿತು. ಶಾಲೆಯ ಅಡುಗೆಮನೆಯ ಕೆಲಸ ಮುಗಿಸಿ ಬಂದವಳು ಕೋಟನ್ನೂ ಬಿಚ್ಚದೆ, ಬಾಗಿಲ ಹತ್ತಿರವೇ ನಿಂತು ಓದಿದೆ. ಚೌಕುಳಿ ಹಾಳೆಯ ಮೇಲೆ ಪೆನ್ಸಿಲಿನ ಅಕ್ಷರ ಮೊದಲಿನ ಹಾಗೆಯೇ ನೆಟ್ಟಗಿದೆ. ಅಕ್ಷರ ನೋಡಿ ಸಂತೋಷವಾಯಿತು, ಓದಿದ ಮೇಲೆ ಅಳು ಬಂತು. ಮೇ ಇಪ್ಪತ್ತಕ್ಕೆ ಹೊರಡೋಣವೇ ಬೇಡವೇ, ಮಾರ್ಚ್ ಒಂದಕ್ಕೆ ನೀನು ಆಸ್ಪತ್ರೆಯಿಂದ ಹೊರಬರುವ ಮೊದಲು ಒಂದೇ ಪದದಲ್ಲಿ ಉತ್ತರ ಬರೆ ಎಂದಿದ್ದೀಯ. ಆ ಒಂದು ಪದ ಬರೆಯುವುದಕ್ಕೆ ನಾನು ಇಷ್ಟೊಂದು ಹಾಳೆ ಹರಡಿಕೊಂಡು ಕೂತಿದ್ದೇನೆ.

ಮೊದಲು ಸುಲಭದ ವಿಷಯ. ಬ್ರೆಡ್ಡಿನ ಪುಡಿಯಲ್ಲಿ ಹೊರಳಿಸಿ ಕರಿದ ಮಾಂಸ ಇಪ್ಪತ್ತೆರಡು ತುಂಡು ಎಂದು ಬರೆದಿದ್ದೀಯ. ಬೇಡ. ನಮ್ಮ ದೇಶದವರು ಅರ್ಧ ಯೂರೋಪನ್ನು ಮನೆಯಿಂದ ಕರಿದುಕೊಂಡು ಹೋದ ಮಾಂಸ ತಿಂದೇ ನೋಡಿದ್ದಾರೆ, ಅದಕ್ಕೆ ನನ್ನ ತಕರಾರಿಲ್ಲ. ಆದರೆ ಇಟಲಿಯ ಬಿಸಿಲಿಗೆ ನಾಲ್ಕನೆಯ ದಿನ ಅದು ನಾರುತ್ತದೆ. ಗಾರ್ದಾ ಸರೋವರದ ದಂಡೆಯಲ್ಲಿ ನೀನು ಮೂಗು ಹಿಡಿದುಕೊಂಡು ತಿಂದಿದ್ದನ್ನು ನಾನು ಮರೆತಿಲ್ಲ. ಹನ್ನೆರಡು ಸಾಕು, ಆಮೇಲೆ ಡಬ್ಬಿಯಲ್ಲಿ ಬರುವ ಮಾಂಸದ ಸಾರು, ಗೂಲಾಶ್. ಆಸ್ಟ್ರಿಯಾದ ಹೆದ್ದಾರಿಗೆ ಸುಂಕ ಕಟ್ಟದೆ ಹಳ್ಳಿಯ ರಸ್ತೆಗಳಲ್ಲೇ ಸುತ್ತಿ ಹೋಗುವುದು ಸರಿ. ಪೆಟ್ರೋಲಿಗೆ ಬೆರೆಸುವ ಎಣ್ಣೆಯನ್ನು ಇಲ್ಲಿಂದಲೇ ಒಯ್ಯುವುದೂ ಸರಿ. ಹತ್ತೊಂಬತ್ತು ರಾತ್ರಿಗಳಲ್ಲಿ ನಾಲ್ಕೇ ರಾತ್ರಿ ದುಡ್ಡು ಕೊಟ್ಟು ಡೇರೆ ಹಾಕುವುದಂತೆ, ಉಳಿದದ್ದೆಲ್ಲ ಕಾಡು, ಹುಲ್ಲುಗಾವಲು, ಯಾವುದಾದರೂ ಚರ್ಚಿನ ಹಿತ್ತಲು. ನೀನು ಬದಲಾಗುವವನಲ್ಲ.

ಕೊನೆಯ ಪುಟದಲ್ಲಿ ಪೋರ್ಚುಗಲ್ಲಿನ ತುದಿಯ ಚಿತ್ರ ಬರೆದಿದ್ದೀಯ, ನೆಲ ಮುಗಿದು ಬರೀ ಸಮುದ್ರ ಉಳಿಯುವ ಜಾಗ. ಡೇರೆ, ಪಕ್ಕದಲ್ಲಿ ನಮ್ಮ ಜಾವಾ ಬೈಕು, ಡೇರೆಯಿಂದ ಹೊರಗೆ ಇಣುಕುವ ಎರಡು ತಲೆ. ನನ್ನ ತಲೆಗೆ ಕೂದಲು ಸುರುಳಿ ಮಾಡುವ ಕಡ್ಡಿಗಳನ್ನೂ ಸಿಕ್ಕಿಸಿದ್ದೀಯ, ಕಳ್ಳ. ಆ ಹಾಳೆಯನ್ನು ಮಾತ್ರ ಬೇರೆ ತೆಗೆದಿಟ್ಟಿದ್ದೇನೆ.

ಹೀಗೆಯೇ ಬರೆಯುತ್ತ ಹೋಗುವುದು ನನಗೆ ಕಷ್ಟವಲ್ಲ. ನಾಲ್ಕು ತಿಂಗಳಿಂದ ಮಾಡುತ್ತ ಬಂದಿರುವುದು ಅದನ್ನೇ. ಈ ಯೋಜನೆಯ ಆಟವನ್ನು ಶುರು ಮಾಡಿದ್ದು ನೀನು ಎಂದು ನಿನ್ನ ವಾರ್ಡಿನವರೆಲ್ಲ ತಿಳಿದಿದ್ದಾರೆ. ಅಲ್ಲ, ನಾನು. ಅಕ್ಟೋಬರಿನಲ್ಲಿ ಡಾಕ್ಟರ್ ವಾಲೆಂತೊವಾ ನಿನ್ನ ಹಾಸಿಗೆಯ ಪಕ್ಕ ಕೂತು, ಸೊಂಟದ ಕೆಳಗೆ ಜೀವ ಮರಳುವುದಿಲ್ಲ ಎಂದು ಬಿಡಿಸಿ ಹೇಳಿದರು. ನೀನು ಗೋಡೆಯ ಕಡೆ ತಿರುಗಿ ಮಲಗಿದವನು ಒಂಬತ್ತು ದಿನ ಅನ್ನದ ಮುಖ ನೋಡಲಿಲ್ಲ. ಹತ್ತನೆಯ ದಿನ ನಾನು ಹಳೆಯ ಭೂಪಟ ತಂದು ನಿನ್ನ ಹೊದಿಕೆಯ ಮೇಲೆ ಹರಡಿ, "ಪೋರ್ಚುಗಲ್ ಒಂದು ಬಾಕಿ ಉಳ್ಕೊಂಡಿದೆಯಲ್ಲೋ ಮುದುಕಾ, ಮೇ ತಿಂಗಳಲ್ಲಿ ಹೋಗೋಣ್ವಾ?" ಎಂದೆ. ನೀನು ತುಂಬ ಹೊತ್ತು ಭೂಪಟವನ್ನು ನೋಡಿದೆ. ಆಮೇಲೆ, "ಮೇ ಶುರುನಲ್ಲಿ ಆಲ್ಪ್ಸ್ ಕಣಿವೆದಾರಿ ತೆರೆದಿರಲ್ಲ ಕಣೆ ಮುದುಕಿ, ಇಪ್ಪತ್ತನೇ ತಾರೀಕು ಆಗ್ಲಿ" ಎಂದು ಹೇಳಿ, ತಟ್ಟೆಯ ಸಾರು ಪೂರ್ತಿ ಕುಡಿದೆ.

ಅವತ್ತು ಡಾಕ್ಟರ್ ನನ್ನನ್ನು ಹೊರಗೆ ಕರೆದು, "ವ್ಲಾಸ್ತಾ ಅವರೇ, ನೀವು ಹೂಂ ಹೂಂ ಅಂತಿದ್ರೆ ಅವರು ನನ್ನ ಮಾತು ನಂಬೋದು ಹೇಗೆ?" ಎಂದು ಕೇಳಿದರು. ಊಟ ಮಾಡುತ್ತಿದ್ದಾನಲ್ಲ ಎಂದೆ. "ಮಾಡ್ತಿದ್ದಾರೆ, ಸರಿ. ಆದ್ರೆ ಮೇ ತಿಂಗಳು ಬಂದೇ ಬರುತ್ತಲ್ಲಮ್ಮ" ಎಂದರು. ನನಗೆ ಸಿಟ್ಟು ಬಂತು. ಮೇ ಎಲ್ಲಿ, ಅಕ್ಟೋಬರ್ ಎಲ್ಲಿ ಎಂದುಕೊಂಡೆ. ಆಮೇಲೆ ಪ್ರತಿ ಭಾನುವಾರ ನಾನು ಬರುವುದು, ನೀನು ಹೊಸ ಹಾಳೆ ತೆಗೆಯುವುದು, ಬೂಟು ಹಾಕಿಕೊಳ್ಳುವಷ್ಟಾದರೂ ಕಾಲು ಏಪ್ರಿಲಿಗೆ ಬರುತ್ತದೆ ಅಲ್ಲವೇ ಎಂದು ಕೇಳುವುದು, ನಾನು ತಲೆಯಾಡಿಸುವುದು. ಗೋಣು ಆಡಿಸಿದ ಪಾಪ ನನ್ನದು.

ಆದ್ದರಿಂದ ನಿನ್ನ ಒಂದು ಪದ ಇಗೋ: ಇಲ್ಲ.

ಇಲ್ಲ, ಓಲ್ಡಾ. ಮೇ ಇಪ್ಪತ್ತಕ್ಕೂ ಇಲ್ಲ, ಮುಂದಿನ ವರ್ಷವೂ ಇಲ್ಲ. ನಿನ್ನ ಕಾಲು ಬರುವುದಿಲ್ಲ. ಜಾವಾ ಕೂಡ ಈಗ ಗ್ಯಾರೇಜಿನಲ್ಲಿಲ್ಲ, ಜನವರಿ ಎರಡನೆಯ ಶನಿವಾರ ಮಾರಿಬಿಟ್ಟೆ. ನಿನ್ನನ್ನು ಕೇಳಲಿಲ್ಲ. ಕೇಳಿದರೆ ನೀನು ಬೇಡ ಎನ್ನುತ್ತಿದ್ದೆ, ನಾನು ಮತ್ತೆ ಹೂಂ ಎನ್ನುತ್ತಿದ್ದೆ, ಅದು ಅಲ್ಲೇ ನಿಂತಿರುತ್ತಿತ್ತು. ಪ್ರತಿ ದಿನ ಕಸ ಹಾಕಲು ಇಳಿದಾಗ ಅದರ ಮುಂದೆಯೇ ಹಾದುಹೋಗಬೇಕಿತ್ತು. ಆ ಗಾಡಿಯನ್ನು ನೋಡಲು ನನ್ನಿಂದ ಸಾಧ್ಯವೇ ಇರಲಿಲ್ಲ.

ಕೊಂಡವರು ಓಲೊಮೌತ್ಸ್ ಊರಿನ ಗಂಡ ಹೆಂಡತಿ. ಅವನು ಅಂಚೆಯವನಾಗಿದ್ದು ನಿವೃತ್ತನಾದವನು, ಬೈಯುವುದಕ್ಕೆ ಬಾಯಿ ಬರದಂಥ ಒಳ್ಳೆಯ ಮನುಷ್ಯ. ಅವರೂ ಡೇರೆ ಕಟ್ಟಿಕೊಂಡು ಕ್ರೊಯೇಷ್ಯಾಕ್ಕೆ ಹೋಗುವವರಂತೆ. "ಗಾಡಿ ಎಲ್ಲಾದ್ರೂ ಬಿದ್ದಿದೆಯಾ?" ಎಂದು ಅವನು ಕೇಳಿದ. "ಒಂದ್ಸಲ ಬಿದ್ದಿದೆ, ನಿಂತಲ್ಲೇ" ಎಂದೆ. ಅವನು ನಕ್ಕು, "ನಿಂತಲ್ಲಿ ಬಿದ್ರೆ ಏನಾಗುತ್ತೆ ಬಿಡಿ ಅಮ್ಮಾ" ಎಂದ. ಹೆಂಡತಿ ಹಿಂದಿನ ಸೀಟಿನ ಮೇಲೆ ಹತ್ತಿ ಕೂತು ನೋಡಿದಳು. "ಯಾರೋ ಚೆನ್ನಾಗಿ ಕೂತು ಸವೆಸಿದ್ದಾರೆ ಕಣ್ರೀ, ಒಂದು ಕಡೆ ವಾಲಿದೆ" ಎಂದಳು.

ಹೊರಡುವ ಮುಂಚೆ ಅವಳನ್ನು ಪಕ್ಕಕ್ಕೆ ಕರೆದು ಮುಚ್ಚಳದ ವಿಷಯ ಹೇಳಿಕೊಟ್ಟೆ. ಹುಲ್ಲಿನ ಮೇಲೆ ಗಾಡಿ ನಿಲ್ಲಿಸಿದಾಗ ಅವನು ಹಿಡಿದುಕೊಂಡಿರಲಿ, ನೀನು ಮೊದಲು ಇಳಿದು ಪಕ್ಕದ ಸ್ಟ್ಯಾಂಡಿನ ಕೆಳಗೆ ಡಬ್ಬಿಯದೋ ಬಾಟಲಿಯದೋ ಒಂದು ಗಟ್ಟಿ ಮುಚ್ಚಳ ಇಡು, ಇಲ್ಲವಾದರೆ ಸ್ಟ್ಯಾಂಡ್ ಮೆತ್ತನೆಯ ಮಣ್ಣಿನಲ್ಲಿ ಹೂತುಹೋಗುತ್ತದೆ, ಅದು ಹಿಂದಿನ ಸೀಟಿನವಳ ಕೆಲಸ ಎಂದೆ. "ಇಷ್ಟೇನಾ ಕೆಲಸ?" ಎಂದು ನಕ್ಕಳು. ಇಷ್ಟೇ ಎಂದೆ. ಅವರು ತಿರುವಿನಲ್ಲಿ ಮರೆಯಾದ ಮೇಲೆ ಗ್ಯಾರೇಜಿನ ಎಣ್ಣೆ ಕಲೆಯ ಮೇಲೆ ಕೂತು ಬಾಯಿಬಿಟ್ಟು ಅತ್ತೆ. ಮೇಲಿನ ಮನೆಯ ಮುದುಕಿ ಕಿಟಕಿ ತೆಗೆದು, "ಏನಾಯ್ತು ವ್ಲಾಸ್ತಾ, ಬಿದ್ದ್ಯೇನೇ?" ಎಂದು ಕೂಗಿದಳು.

ಈಗ ಆಗಸ್ಟಿನ ಮಾತು. ಇಷ್ಟು ದೂರ ಬರೆದ ಮೇಲೆ ಇದನ್ನು ಬರೆಯದೆ ಬಿಟ್ಟರೆ ಮಿಕ್ಕಿದ್ದೆಲ್ಲ ಸುಳ್ಳಾಗುತ್ತದೆ.

ಎರಡು ದಿನ ಬಿಡದೆ ಮಳೆ ಹೊಡೆದಿತ್ತು. ನನ್ನ ಕಾಲುಚೀಲ ಹಿಂಡಿದರೆ ನೀರು. ಕೆಳಗೆ ಸರೋವರದ ಹತ್ತಿರ ಜಲ್ಲಿ ಹಾಕಿದ ಅಚ್ಚುಕಟ್ಟಾದ ಬಿಡಾರವಿತ್ತು, ಬಿಸಿನೀರಿನ ಸ್ನಾನವಿತ್ತು. ನಿನ್ನ ಬೆನ್ನು ತಟ್ಟಿ ತೋರಿಸಿದೆ. "ಹುಲ್ಲಿನ ಮೇಲೆ ಮಲಗೋಕೆ ಯಾರಾದ್ರೂ ದುಡ್ಡು ಕೊಡ್ತಾರೇನೆ?" ಎಂದು ನೀನು ಕೂಗಿ ಹೇಳಿ ಮುಂದೆ ಹೋದೆ. ಬೆಟ್ಟದ ಮೇಲೆ ಒಬ್ಬ ರೈತ ತನ್ನ ಹುಲ್ಲುಗಾವಲಿನ ಮೂಲೆ ತೋರಿಸಿದ. ನೀನು ಗೆದ್ದವನ ಹಾಗೆ ಗಾಡಿಯನ್ನು ಒಳಗೆ ತಿರುಗಿಸಿದೆ. ನಿಲ್ಲಿಸಿ, ಹಿಂದಕ್ಕೆ ತಿರುಗಿಯೂ ನೋಡದೆ, "ಮುಚ್ಚಳ" ಎಂದೆ.

ಇಪ್ಪತ್ತಾರು ವರ್ಷ ಆ ಒಂದೇ ಪದ. ಇಳಿಯೇ ಎಂದಲ್ಲ, ಸುಸ್ತಾಯಿತಾ ಎಂದಲ್ಲ. ಮುಚ್ಚಳ. ಬೇರೆ ದಿನಗಳಲ್ಲಿ ಅದು ನನಗೆ ಏನೂ ಅನ್ನಿಸುತ್ತಿರಲಿಲ್ಲ, ಕೆಲವು ಸಲ ನಗುವೂ ಬರುತ್ತಿತ್ತು. ಅವತ್ತು ಮೈಯೆಲ್ಲ ಉರಿದುಹೋಯಿತು.

ಮುಚ್ಚಳ ಇಡಲು ಮರೆತೆ ಎಂದು ನಾನು ನಿನಗೆ ಹೇಳಿದ್ದೆ. ನೀನು ಅದನ್ನು ನಂಬಿದೆ. ನಾನು ಮರೆತಿರಲಿಲ್ಲ. ಅದು ನನ್ನ ಬಲಗಡೆಯ ಜೇಬಿನಲ್ಲಿತ್ತು, ಅದರ ಅಂಚು ಬೆರಳಿಗೆ ತಾಗುತ್ತಿತ್ತು. ನಾನು ಬಗ್ಗಿದೆ, ಹುಲ್ಲು ಮುಟ್ಟಿದೆ, ಮೇಲೆದ್ದು "ಇಟ್ಟಾಯ್ತು" ಎಂದೆ. ಗಾಡಿ ಒಂದು ಸಲ ನಿನ್ನ ಕಣ್ಣೆದುರು ವಾಲಲಿ, ನೀನು ಓಡಿಬಂದು ಒದ್ದಾಡಿಕೊಂಡು ಹಿಡಿ, ಸೋಲು, ಅಷ್ಟೇ ನನಗೆ ಬೇಕಾಗಿದ್ದದ್ದು. ಆದರೆ ಆ ಹೊತ್ತಿಗೆ ನೆಲ ಹಿಡಿದುಕೊಂಡಿತು. ಗಾಡಿ ಅಲುಗಲಿಲ್ಲ. ನಾನು ಬ್ರೆಡ್ ತರುತ್ತೇನೆ ಎಂದು ಹೇಳಿ ಹಳ್ಳಿಯ ಕಡೆ ನಡೆದೆ. ಅರ್ಧ ದಾರಿಯಲ್ಲಿ ಮುಚ್ಚಳ ಮತ್ತೆ ಕೈಗೆ ತಾಗಿತು. ಹಿಂದಿರುಗಲೇ ಎಂದುಕೊಂಡೆ. ಹಿಂದಿರುಗಲಿಲ್ಲ. ಅಂಗಡಿಯಲ್ಲಿ ಯಾವ ಬ್ರೆಡ್ ಹೆಚ್ಚು ಮೆತ್ತಗಿದೆ ಎಂದು ಒತ್ತಿ ನೋಡುತ್ತ ನಿಂತಿದ್ದೆ, ಓಲ್ಡಾ.

ನೀನು ಗಾಳಿಗೆ ಮರೆಯಾಗಲಿ ಎಂದು ಗಾಡಿಯ ಎಡಕ್ಕೇ, ಸ್ಟ್ಯಾಂಡ್ ಇರುವ ಕಡೆಗೇ, ಡೇರೆ ಹಾಕಿದೆ. ನಿನ್ನ ಭುಜ ನೋಯುತ್ತಿತ್ತು, ಗಾಡಿಯಿಂದ ಸಾಮಾನು ಇಳಿಸದೆ ನೀನು ಡೇರೆಯೊಳಗೆ ಮಲಗಿಬಿಟ್ಟೆ. ನಡುವಿನ ಸ್ಟ್ಯಾಂಡನ್ನು ಹಿಂದಿನ ವರ್ಷವೇ ನೀನು ಬಿಚ್ಚಿ ಎಸೆದಿದ್ದೆ. ಈ ಮೂರು ತಪ್ಪು ನಿನ್ನವು ಎಂದು ನಾನು ಆರು ತಿಂಗಳಿಂದ ಬೆರಳು ಮಡಿಸಿ ನನಗೇ ಹೇಳಿಕೊಳ್ಳುತ್ತಿದ್ದೇನೆ. ಬಸ್ಸಿನಲ್ಲಿ, ಶಾಲೆಯ ಮಕ್ಕಳಿಗೆ ಸಾರು ಬಡಿಸುವಾಗ, ನಿನ್ನ ಅಂಗಿ ಇಸ್ತ್ರಿ ಮಾಡುವಾಗ. ಎಷ್ಟು ಸಲ ಹೇಳಿಕೊಂಡರೂ ಕೊನೆಗೆ ನನ್ನ ತಪ್ಪೇ ಉಳಿಯುತ್ತದೆ.

ನಾನು ಮರಳಿ ಬಂದಾಗ ಬೆಟ್ಟದ ಮೇಲೆ ಬಿಸಿಲು ಬಿದ್ದಿತ್ತು. ಡೇರೆ ಚಪ್ಪಟೆಯಾಗಿತ್ತು, ಅದರ ಮೇಲೆ ಗಾಡಿ, ಕಬ್ಬಿಣದ ಪೆಟ್ಟಿಗೆಗಳ ಸಮೇತ. ನೀನು ಒಳಗಿನಿಂದ ಮೆಲ್ಲಗೆ, "ವ್ಲಾಸ್ತಾ, ಗಾಬರಿ ಆಗ್ಬೇಡ, ಪೆಟ್ರೋಲ್ ಸೋರ್ತಾ ಇದೆಯಾ ನೋಡು" ಎಂದೆ. ಪೊಲೀಸರು ಬಂದಾಗ ನೀನು ತಪ್ಪನ್ನು ನಿನ್ನ ಮೇಲೆ ಹಾಕಿಕೊಂಡು, "ಮುಚ್ಚಳ ಇಡೋಕೆ ಮರೆತಿದ್ದು ನಾನೇ" ಎಂದು ಹೇಳಿದೆ. ನಾನು ಪಕ್ಕದಲ್ಲಿ ನಿಂತು ಕೇಳಿಸಿಕೊಂಡೆ. ಆಮೇಲೆ ಆಸ್ಪತ್ರೆಯಲ್ಲಿ ನಾನು ಅಳುವುದಕ್ಕೆ ಶುರು ಮಾಡಿದರೆ ಸಾಕು, ನೀನು ನನ್ನ ಕೈ ತಟ್ಟಿ, "ಮರೆತೆ ಅಷ್ಟೇ ತಾನೇ, ಹೋಗ್ಲಿ ಬಿಡೆ. ಮನುಷ್ಯರು ಮರೀತಾರೆ" ಎನ್ನುತ್ತಿದ್ದೆ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ನಿನ್ನ ಆ ಕೈ ತಟ್ಟುವುದನ್ನು ತಡೆದುಕೊಳ್ಳಲು ಆಗುವುದಿಲ್ಲ.

ಒಂದು ವಿಷಯ ನನ್ನನ್ನು ಕೊರೆಯುತ್ತದೆ. ನಾನು "ಇಟ್ಟಾಯ್ತು" ಎಂದಾಗ ಎಂಜಿನ್ ಇನ್ನೂ ನಿಂತಿರಲಿಲ್ಲ, ನೀನು ಹೆಲ್ಮೆಟ್ಟನ್ನೂ ತೆಗೆದಿರಲಿಲ್ಲ. ನನ್ನ ಮಾತು ನಿನಗೆ ಕೇಳಿಸಿತ್ತೋ ಇಲ್ಲವೋ? ಕೇಳಿಸಿರದಿದ್ದರೆ, ಈ ಪತ್ರ ಓದಿದ ಮೇಲೆ ನೀನು ನನ್ನನ್ನು ದ್ವೇಷಿಸುತ್ತೀಯ, ಅದು ನ್ಯಾಯ. ಕೇಳಿಸಿದ್ದರೆ, ನಾನು ಸುಳ್ಳು ಹೇಳಿದ್ದು ನಿನಗೆ ಮೊದಲ ದಿನದಿಂದ ಗೊತ್ತು. ಗೊತ್ತಿದ್ದೂ ನನ್ನ ಕೈ ತಟ್ಟುತ್ತಿದ್ದೆ, ಗೊತ್ತಿದ್ದೂ ಯೋಜನೆಯ ಮೊದಲ ಸಾಲಿನಲ್ಲೇ "ಹಿಂದಿನ ಸೀಟು: ವ್ಲಾಸ್ತಾ" ಎಂದು ಬರೆದೆ. ಎರಡರಲ್ಲಿ ಯಾವುದನ್ನು ಬಯಸಬೇಕೋ ನನಗೆ ತಿಳಿಯುತ್ತಿಲ್ಲ. ನೀನು ಅದನ್ನು ನನಗೆ ಹೇಳಬೇಡ.

ನಿನ್ನ ಹನ್ನೊಂದು ಪುಟವನ್ನು ನಾನು ಸುಡಲಿಲ್ಲ, ವಾಪಸು ಕಳಿಸುತ್ತಲೂ ಇಲ್ಲ. ನಿನಗೆ ಸಮಾಧಾನದ ಒಂದು ಮಾತು ಬರೆಯಬೇಕೆಂದು ಅರ್ಧ ಗಂಟೆ ಪೆನ್ನು ಹಿಡಿದು ಕೂತೆ. ಒಂದೂ ಬರಲಿಲ್ಲ. ಕ್ಷಮಿಸು ಎಂದು ಕೇಳುವ ಮುಖವೂ ನನಗಿಲ್ಲ, ಏಕೆಂದರೆ ಕೇಳಿದರೆ ನೀನು ಕ್ಷಮಿಸಿಬಿಡುತ್ತೀಯ.

ಊಟ ಬಿಡಬೇಡ. ಅದೊಂದನ್ನು ಮಾಡಬೇಡ.

ಇಪ್ಪತ್ತಾರು ವರ್ಷ ನಿನ್ನ ಬೆನ್ನಿಗೆ ಅಂಟಿಕೊಂಡು ಕೂತಿದ್ದ
ವ್ಲಾಸ್ತಾ

ತಾಜಾ ಕಲಂ: ಮಾರ್ಚ್ ಒಂದಕ್ಕೆ ನಿನ್ನನ್ನು ಕರೆದುಕೊಂಡು ಹೋಗಲು ನಾನು ಬರುವುದಿಲ್ಲ, ನಿನ್ನ ಅಕ್ಕ ಹೆಡ್ವಿಕಾ ಬರುತ್ತಾಳೆ. ಓಸ್ಟ್ರಾವಾದ ತನ್ನ ಮನೆಯಲ್ಲಿ ನೆಲಮಹಡಿಯ ಕೋಣೆ ಖಾಲಿ ಮಾಡಿಸಿ, ನಿನ್ನ ಗಾಲಿಕುರ್ಚಿ ನುಗ್ಗುವಷ್ಟು ಬಾಗಿಲು ಅಗಲ ಮಾಡಿಸಿದ್ದಾಳೆ. ನನಗೆ ಬೆನ್ನು ನೋವು, ನಿನ್ನನ್ನು ಎತ್ತಿ ಕೂರಿಸಲು ಆಗುವುದಿಲ್ಲ ಎಂದು ಅವಳಿಗೂ ಡಾಕ್ಟರಿಗೂ ಹೇಳಿದ್ದೇನೆ. ಪಾಪ, ಅವಳು ನನಗೆ ಹಚ್ಚಿಕೊಳ್ಳಲು ಮುಲಾಮು ಕಳಿಸಿದ್ದಾಳೆ. ನನ್ನ ಬೆನ್ನಿಗೆ ಏನೂ ಆಗಿಲ್ಲ, ಓಲ್ಡಾ.