ರೊಟ್ಟಿಮುದ್ರೆ ಬಿದ್ದ ಮುನ್ನೂರ ನಲವತ್ತು ಪುಸ್ತಕಗಳು

ನಗರದ ಗ್ರಂಥಾಲಯಗಳನ್ನು ಆಳುವ ಮಾನ್ಯ ನಿರ್ದೇಶಕರೇ,

ಗ್ರಂಥಾಲಯಕ್ಕೆ ನೂರು ತುಂಬಿತೆಂದು ನೀವು ಅಚ್ಚು ಹಾಕಿಸಿ ಹಂಚಿದ ಚರಿತ್ರೆಯ ಹದಿನೇಳನೇ ಪುಟದಲ್ಲಿ ಒಂದು ಸುಳ್ಳಿದೆ. ಸುಳ್ಳು ಎಂದರೆ ನೋವಾಗುವುದಾದರೆ ತಪ್ಪು ಮಾಹಿತಿ ಎಂದು ಓದಿಕೊಳ್ಳಿ, ನನ್ನ ಅಭ್ಯಂತರವಿಲ್ಲ. "ಚಾವಣಿ ಕುಸಿದ ಕಾರಣ 1970ರಿಂದ 1981ರವರೆಗೆ ಗ್ರಂಥಾಲಯ ಮುಚ್ಚಿತ್ತು. ಈ ಅವಧಿಯಲ್ಲಿ ಓದುಗರಿರಲಿಲ್ಲ." ಹೀಗೆ ಬರೆದಿದ್ದೀರಿ. ಚಾವಣಿ ಬಿದ್ದದ್ದು ನಿಜ. ಮಿಕ್ಕಿದ್ದನ್ನು ಯಾರನ್ನು ಕೇಳಿ ಬರೆದಿರಿ?

ಅದೇ ವಾರ ಗ್ರಂಥಾಲಯದ ಬಾಗಿಲಿಗೆ ಇನ್ನೊಂದು ಕಾಗದ ಅಂಟಿಸಿದ್ದೀರಿ. ಮಸಿ, ಎಣ್ಣೆ, ಸುಟ್ಟ ಕಲೆಗಳಿಂದ ವಿರೂಪಗೊಂಡ ಮುನ್ನೂರ ನಲವತ್ತು ಪುಸ್ತಕಗಳನ್ನು ಈ ತಿಂಗಳ ಇಪ್ಪತ್ತಕ್ಕೆ ಕಾಗದದ ಗಿರಣಿಗೆ ಕಳಿಸುತ್ತೀರಂತೆ. ನಿಮ್ಮ ಲೆಕ್ಕದಲ್ಲಿ ಇವು ಎರಡು ವಿಷಯ. ಬಣ್ಣಗಾರರ ಓಣಿಯಲ್ಲಿ ನಲವತ್ತೈದು ವರ್ಷ ರೊಟ್ಟಿ ಬೇಯಿಸಿದ ನನ್ನ ಲೆಕ್ಕದಲ್ಲಿ ಇವು ಒಂದೇ. ಹೇಗೆಂದು ಹೇಳುತ್ತೇನೆ, ಕುರ್ಚಿಯಲ್ಲಿ ಸರಿಯಾಗಿ ಕೂತುಕೊಳ್ಳಿ.

ಆ ಚಳಿಗಾಲ ಓದುವ ಕೋಣೆಯ ಮೇಲೆ ಮಾಡು ಬಿದ್ದು ಪುಸ್ತಕಗಳೆಲ್ಲ ನೆಂದವು. ಆಗಿನ ಗ್ರಂಥಪಾಲಕರು ಅಲ್ಲಾಲ್ ಸಾಹೇಬರು, ನಮ್ಮ ಓಣಿಯ ಗೌರವದ ಮಾತಿನಲ್ಲಿ ಸಿ ಅಲ್ಲಾಲ್. ಸರ್ಕಾರಕ್ಕೆ ಪತ್ರ ಬರೆದು, ಉತ್ತರ ಬರುವುದಿಲ್ಲವೆಂದು ಅದೇ ದಿನ ಅರ್ಥ ಮಾಡಿಕೊಂಡು, ಆರು ಕತ್ತೆಗಳ ಮೇಲೆ ಪುಸ್ತಕ ಹೇರಿಕೊಂಡು ನನ್ನ ರೊಟ್ಟಿಭಟ್ಟಿಯ ಮುಂದೆ ನಿಂತರು.

"ಬುಶ್ತಾ, ನಿನ್ನ ಅಟ್ಟ ಬೆಚ್ಚಗಿರತ್ತಲ್ಲ. ಒಣಗೋವರೆಗೂ ನಾಕು ದಿನ ಇವು ಅಲ್ಲಿರ್ಲಿ."

"ಸಿ ಅಲ್ಲಾಲ್, ಇಲ್ಲಿ ಬೇಯೋದು ರೊಟ್ಟಿ."

"ರೊಟ್ಟಿ ಅಂತ್ಲೇ ತಿಳ್ಕೊ ಮಾರಾಯ. ಹೊತ್ತಿಸ್ಬೇಡ, ಅಷ್ಟು ಸಾಕು."

ನಾಲ್ಕು ದಿನ ಹನ್ನೊಂದು ವರ್ಷವಾಯಿತು.

ನೀವು ಹೊಸ ಬಡಾವಣೆಯವರು, ಗ್ಯಾಸ್ ಒಲೆಯವರು, ಅದಕ್ಕೆ ಬಿಡಿಸಿ ಹೇಳಬೇಕಾಗಿದೆ. ನಮ್ಮ ಓಣಿಯ ಹೆಂಗಸರು ಮನೆಯಲ್ಲಿ ಹಿಟ್ಟು ನಾದಿ, ತಟ್ಟಿ, ಹಲಗೆಯ ಮೇಲಿಟ್ಟು ಬಟ್ಟೆ ಮುಚ್ಚಿ ಭಟ್ಟಿಗೆ ತರುತ್ತಾರೆ. ನೂರು ಮನೆಯ ರೊಟ್ಟಿ ಒಟ್ಟಿಗೆ ಬೆಂದರೆ ಯಾವುದು ಯಾರದು? ಅದಕ್ಕೆ ಹಸಿ ರೊಟ್ಟಿಯ ಮೇಲೆ ಒತ್ತಲು ಪ್ರತಿ ಮನೆಗೂ ಒಂದು ಮರದ ಮುದ್ರೆ. ಒಬ್ಬರದು ಚಕ್ರ, ಒಬ್ಬರದು ಗೋಧಿ ತೆನೆ, ಒಬ್ಬರದು ಬರೀ ಮೂರು ಗೀಟು. ಭಟ್ಟಿಯವನಿಗೆ ಹೆಸರು ಬೇಡ, ಮುದ್ರೆ ನೋಡಿದರೆ ಮನೆ ಗೊತ್ತಾಗುತ್ತದೆ.

ಅಟ್ಟದ ಪುಸ್ತಕಗಳ ಮೇಲೆ ಮೊದಲು ಕಣ್ಣು ಹಾಕಿದವರು ಮೂರು ಗೀಟಿನ ಮನೆಯ ಬತೂಲಮ್ಮ, ನಮ್ಮ ಮಾತಿನಲ್ಲಿ ಲಾಲ್ಲಾ ಬತೂಲ್.

"ಏನೋ ಬುಶ್ತಾ, ಆ ಹಡಗಿನ ಚಿತ್ರದ ಪುಸ್ತಕ ಕೊಡ್ತೀಯೋ, ಇಲ್ಲಾ ಅದೂ ಇನ್ನೂ ಬೆಂದಿಲ್ವೋ?"

"ನಿಮಗೆ ಓದಕ್ ಬರತ್ತಾ?"

"ನಿಂಗ್ ಬರತ್ತಾ?"

ನಾನು ಮೂರನೇ ತರಗತಿಗೆ ಶಾಲೆ ಬಿಟ್ಟವನು. ರೊಟ್ಟಿ ತಳ್ಳುವ ಉದ್ದ ಸಲಿಕೆ ಹಿಡಿದು ಬೆಂಕಿಯ ಕಡೆ ತಿರುಗಿಕೊಂಡೆ. ಸಿ ಅಲ್ಲಾಲ್ ಮೂಲೆಯಲ್ಲಿ ಕೂತು ನಗುತ್ತಿದ್ದರು. ಮಾರನೇ ದಿನದಿಂದ, ರೊಟ್ಟಿ ಬೇಯುವಷ್ಟು ಹೊತ್ತು, ನಮ್ಮಿಬ್ಬರಿಗೂ ಅಕ್ಷರ ಕಲಿಸಿದರು. ವಾರದೊಳಗೆ ಇನ್ನೂ ಹದಿನಾಲ್ಕು ಹೆಂಗಸರು ಸೇರಿದರು. ಲಾಲ್ಲಾ ಬತೂಲ್ ನನಗಿಂತ ಬೇಗ ಕಲಿತರು. ಈ ವಿಷಯವನ್ನು ಅವರು ಇವತ್ತಿಗೂ ಮರೆತಿಲ್ಲ, ನನಗೂ ಮರೆಯಲು ಬಿಟ್ಟಿಲ್ಲ.

ಪುಸ್ತಕ ಬೆಂದ ರೊಟ್ಟಿಯ ಜೊತೆ ಹಲಗೆಯ ಮೇಲೆ ಮನೆಗೆ ಹೋಗುತ್ತಿತ್ತು, ಮುಂದಿನ ಹಿಟ್ಟಿನ ಜೊತೆ ವಾಪಸು ಬರುತ್ತಿತ್ತು. ತೆಗೆದುಕೊಂಡವರು ತಮ್ಮ ರೊಟ್ಟಿಮುದ್ರೆಯನ್ನು ಸಿ ಅಲ್ಲಾಲರ ಮಸಿಯಲ್ಲಿ ಅದ್ದಿ ಕೊನೆಯ ಹಾಳೆಗೆ ಒತ್ತುತ್ತಿದ್ದರು. ನೀವು ಮಸಿ ಕಲೆ ಎಂದಿರಲ್ಲ, ಅದು ಇದು. ಎಣ್ಣೆ ಕಲೆ ರೊಟ್ಟಿ ಹಿಡಿದ ಕೈಗಳದು. ಪುಸ್ತಕ ತಡವಾದರೆ ದಂಡವಿರಲಿಲ್ಲ. ಆ ಮನೆಯ ಹಲಗೆ ಎಲ್ಲರದೂ ಮುಗಿದ ಮೇಲೆ ಭಟ್ಟಿಗೆ ಹೋಗುತ್ತಿತ್ತು, ಅಷ್ಟೇ. ಮಧ್ಯಾಹ್ನದ ಊಟಕ್ಕೆ ಬಂದ ಗಂಡ ರೊಟ್ಟಿ ಎಲ್ಲಿ ಎಂದು ಕೇಳಿದಾಗ ಪುಸ್ತಕ ತಾನಾಗಿಯೇ ಸಿಗುತ್ತಿತ್ತು. ನಿಮ್ಮ ಇಲಾಖೆಯಲ್ಲಿ ಇದಕ್ಕಿಂತ ಒಳ್ಳೆಯ ನಿಯಮವಿದ್ದರೆ ತಿಳಿಸಿ.

ಸುಟ್ಟ ಕಲೆಗೆ ಬರೋಣ. ನಿಮ್ಮ ಪಟ್ಟಿಯ ಇನ್ನೂರ ಹನ್ನೆರಡನೆಯದು, ಜೇನು ಸಾಕುವುದರ ಪುಸ್ತಕ. ಹಬ್ಬದ ಮುನ್ನಾದಿನ ಹಲಗೆಯಲ್ಲಿ ಜಾಗವಿಲ್ಲದೆ ಲಾಲ್ಲಾ ಬತೂಲ್ ಕೊನೆಯ ರೊಟ್ಟಿಯನ್ನು ಅದರ ಮೇಲೇ ಇಟ್ಟಿದ್ದರು. ಸಾಲು ಬಾಗಿಲಾಚೆಗೂ ಇತ್ತು, ನಾನು ಅವಸರದಲ್ಲಿ ಸಲಿಕೆ ತೂರಿಸಿ ಎರಡನ್ನೂ ಒಳಗೆ ತಳ್ಳಿದೆ. ವಾಸನೆ ಬಂದಾಗ ಎಳೆದೆ. ರಟ್ಟು ಕಂದು ಬಣ್ಣಕ್ಕೆ ತಿರುಗಿತ್ತು, ಅಕ್ಷರ ಒಂದೂ ಹೋಗಿರಲಿಲ್ಲ.

"ಒಳಗೆ ಬೆಂದಿದ್ಯಾ ನೋಡೋ," ಎಂದರು ಲಾಲ್ಲಾ ಬತೂಲ್. ಇಡೀ ಸಾಲು ನಕ್ಕಿತು. ಸಿ ಅಲ್ಲಾಲ್ ಮಾತ್ರ ನಗದೆ, ಪುಸ್ತಕ ಬಿಡಿಸಿ ಒಳಪುಟದಲ್ಲಿ ಬರೆದರು: "ಓದುಗರ ತಪ್ಪಿಲ್ಲ. ಭಟ್ಟಿಯವನ ಕಣ್ಣು ಪರೀಕ್ಷಿಸತಕ್ಕದ್ದು." ಸಹಿ, ತಾರೀಕು ಎರಡೂ ಇವೆ. ಓದುಗರಿರಲಿಲ್ಲ ಎಂದು ಬರೆದವರು ಆ ರಟ್ಟನ್ನು ಒಮ್ಮೆ ತೆರೆದು ನೋಡಬಹುದಿತ್ತು.

ಮಾಡು ಕಟ್ಟಿ ಮುಗಿದಾಗ ಪುಸ್ತಕ ವಾಪಸು ಒಪ್ಪಿಸಿದೆವು. ಅಟ್ಟಕ್ಕೆ ಏರಿದ್ದು ಆರುನೂರ ಇಪ್ಪತ್ತು, ಇಳಿದದ್ದು ಆರುನೂರ ಹದಿನೇಳು. ಮಿಕ್ಕ ಮೂರು ಯಾರ ಮನೆಯಲ್ಲಿವೆ ಎಂದು ನನಗೆ ಗೊತ್ತು. ಹೇಳುವುದಿಲ್ಲ. ಇನ್ನೂ ಓದುತ್ತಿದ್ದಾರೆ.

ಹೋದ ಸೋಮವಾರ ನಿಮ್ಮ ಗ್ರಂಥಾಲಯಕ್ಕೇ ಬಂದೆ. ಮೇಜಿನ ಹಿಂದೆ ಕೂತ ಹುಡುಗಿ ಒಳ್ಳೆಯವಳು, ಕುರ್ಚಿ ಕೊಟ್ಟಳು.

"ತಾತ, ಕಲೆ ಬಿದ್ದ ಪುಸ್ತಕ ತೆಗೀಬೇಕು ಅಂತ ಮೇಲಿಂದ ಆದೇಶ," ಎಂದು ಕೊನೆಯ ಹಾಳೆ ತೋರಿಸಿದಳು.

"ಅದು ಕಲೆ ಅಲ್ಲ ತಾಯಿ, ಲಾಲ್ಲಾ ಬತೂಲ್ ಮನೆ," ಎಂದೆ. "ಪಕ್ಕದ ಚಕ್ರ ಚಮ್ಮಾರರ ಮನೆ. ಈ ತೆನೆ ನೀರಿನ ನಲ್ಲಿ ಹತ್ರದ್ದು."

ಅವಳು ಇನ್ನೊಂದು ಪುಸ್ತಕ ತೆಗೆದಳು, ಮತ್ತೊಂದು ತೆಗೆದಳು. ಆಮೇಲೆ ಮೆಲ್ಲಗೆ ಕೇಳಿದಳು, "ತಾತ, ಕೆಳಗೆ ಮೀನಿನ ಥರ ಇದ್ಯಲ್ಲ, ಇದು ನಮ್ಮಜ್ಜಿ ಮುದ್ರೆ. ನಮ್ಮಜ್ಜಿ ಓದ್ತಿದ್ರಾ?"

"ಹದಿನೆಂಟು ಪುಸ್ತಕ ಓದಿದ್ರು," ಎಂದೆ. "ತಡ ಮಾಡಿ ತರೋರು."

ಮಾನ್ಯರೇ, ಆ ಹುಡುಗಿಗೆ ತನ್ನ ಅಜ್ಜಿ ಓದುತ್ತಿದ್ದಳು ಎಂದು ಹೇಳಲು ಈ ಊರಿನಲ್ಲಿರುವ ಸಾಕ್ಷಿ ಆ ಹಾಳೆ ಒಂದೇ. ಅಜ್ಜಿ ಶಾಲೆಯ ದಾಖಲೆಯಲ್ಲಿಲ್ಲ, ನಿಮ್ಮ ಚರಿತ್ರೆಯಲ್ಲಂತೂ ಇಲ್ಲ. ಉದ್ಘಾಟನೆಗೆ ಬಂದ ಗಣ್ಯರ ಭಾವಚಿತ್ರಕ್ಕೆ ಆರು ಪುಟ ಕೊಟ್ಟಿದ್ದೀರಿ. ಅವರಲ್ಲಿ ಎಷ್ಟು ಜನ ಒಂದು ಪುಸ್ತಕ ಎರವಲು ಪಡೆದರು? ಪಡೆದವರ ಗುರುತು ಇಪ್ಪತ್ತನೇ ತಾರೀಕು ಗಿರಣಿಯಲ್ಲಿ ನೆನೆದು ಗಂಜಿಯಾಗಬೇಕೇ? ಆಮೇಲೆ ಯಾರಾದರೂ ಹದಿನೇಳನೇ ಪುಟವೇ ನಿಜವೆಂದರೆ ನಾನು ಏನು ತೋರಿಸಲಿ?

ಆದ್ದರಿಂದ ಆ ಆದೇಶ ಹಿಂತೆಗೆದುಕೊಳ್ಳಿ, ಆ ಎರಡು ವಾಕ್ಯ ತಿದ್ದಿಸಿ. ಆಗುವುದಿಲ್ಲವೆಂದರೆ ಇನ್ನೊಂದು ದಾರಿಯಿದೆ. ಮುನ್ನೂರ ನಲವತ್ತನ್ನೂ ಗಾಡಿಯಲ್ಲಿ ಹಾಕಿಕೊಂಡು ನಮ್ಮ ಓಣಿಗೆ ಬನ್ನಿ. ಒಂದೊಂದು ಮುದ್ರೆಯ ಮನೆಯ ಬಾಗಿಲನ್ನೂ ನೀವೇ ತಟ್ಟಿ, ತೆರೆದವರ ಮುಖ ನೋಡಿ, "ನಿಮ್ಮ ಮನೆಯಲ್ಲಿ ಯಾರೂ ಓದಿರಲಿಲ್ಲ" ಎಂದು ಹೇಳಿ. ಮನೆಗಳನ್ನು ನಾನು ತೋರಿಸುತ್ತೇನೆ. ಮೂರು ಗೀಟಿನ ಮನೆಯಿಂದ ಶುರು ಮಾಡೋಣ. ಲಾಲ್ಲಾ ಬತೂಲರಿಗೆ ಎಂಬತ್ತೇಳು, ಕಿವಿ ಚೆನ್ನಾಗಿ ಕೇಳುತ್ತದೆ.

ಇಂತಿ,
ನಾಲ್ಕು ದಿನ ಕೂತು ಈ ಪತ್ರ ಬರೆದು, "ಇಷ್ಟು ಮೃದುವಾಗಿ ಬರೆದ್ರೆ ಯಾರ್ ಕೇಳ್ತಾರೆ" ಎಂದು ಹೆಂಡತಿಯಿಂದ ಬೈಸಿಕೊಂಡ,
ಬಣ್ಣಗಾರರ ಓಣಿಯ ಬುಶ್ತಾ