ಫೋನಿನ ಮುಂದೆ ಉಪ್ಪು, ಮೆಣಸಿನಕಾಯಿ

ಮಲಾಡ್, ಮುಂಬೈ
27 ಜೂನ್ 2025, ಶುಕ್ರವಾರ

ಪ್ರೀತಿಯ ಅವ್ವಾ,

ಹೆಂಗಿದ್ದಿ? ಮೊಣಕಾಲು ನೋವು ಕಡಿಮೆಯಾಯಿತೇ? ಎಣ್ಣೆ ಹಚ್ಚಿಕೊಳ್ಳುತ್ತೀಯೋ, ಇಲ್ಲ ಬಾಟಲಿ ಹಾಗೇ ಗೋಡೆಯ ಮಾಡದಲ್ಲಿ ಕೂತಿದೆಯೋ? ಇಲ್ಲಿ ನಾವು ಆರಾಮ. ದಾನೇಶ್ವರಿಗೆ ಮತ್ತೆರಡು ಹಲ್ಲು ಬರುತ್ತಿವೆ. ತಾನೂ ಮಲಗುವುದಿಲ್ಲ, ನನ್ನನ್ನೂ ಮಲಗಲು ಬಿಡುವುದಿಲ್ಲ. ನಿನ್ನ ಅಳಿಯ ಮಾತ್ರ ಗೊರಕೆ ಹೊಡೆಯುತ್ತಾರೆ, ಪುಣ್ಯವಂತರು.

ಮೊನ್ನೆ ಮಣ್ಣೆತ್ತಿನ ಅಮಾಸಿ ಬಂದು ಹೋಯಿತು. ಪ್ರತಿ ಅಮಾಸಿಗೆ ನೀನು ವಿಡಿಯೋ ಕಾಲ್ ಹಚ್ಚಿ, ಫೋನನ್ನು ತಂಬಿಗೆಗೆ ಆನಿಸಿಟ್ಟು, ಅದರೊಳಗಿನ ಮೊಮ್ಮಗಳಿಗೆ ದೃಷ್ಟಿ ತೆಗೆಯಲು ಉಪ್ಪು, ಮೆಣಸಿನಕಾಯಿ ಇಳಿಸುತ್ತಿದ್ದೆ. 'ಥೂ ಥೂ' ಅಂದು ಆಮೇಲೆ ಸೆರಗಿನಿಂದ ಫೋನ್ ಒರೆಸುತ್ತಿದ್ದೆ. ನಾನು ನಗುತ್ತಿದ್ದೆ. ಎರಡು ಅಮಾಸಿಯಿಂದ ನಿನ್ನ ಫೋನಿನಲ್ಲಿ ವಿಡಿಯೋ ಬರುತ್ತಿಲ್ಲ. ಕೂಸಿಗೆ ಜ್ವರ ಬಂದು ಹೋದ ಮೇಲೆ ನನಗೂ ಮನಸ್ಸು ತಡೆಯದೆ ಈ ಸಲ ನಾನೇ ಇಳಿಸಿದೆ. ಗ್ಯಾಸಿನ ಮೇಲೆ ಸುಟ್ಟ ಘಾಟಿಗೆ ಬಿಲ್ಡಿಂಗೆಲ್ಲ ಕೆಮ್ಮಿತು. ಎದುರುಮನೆ ನಮಿತಾ ಬಾಗಿಲು ಬಡಿದು 'ಭಾಭಿ, ಕ್ಯಾ ಜಲಾಯಾ?' ಅಂದಳು, ಏನು ಸುಟ್ಟಿರಿ ಅಂತ. ಘಾಟು ಬಂದರೆ ದೃಷ್ಟಿ ಆಗಿಲ್ಲ ಅಂತಲ್ಲವೇ? ಆದರೆ ದಾನು ನನ್ನ ಕೈ ನೋಡಲೇ ಇಲ್ಲ, ಫೋನಿನ ಕಡೆಗೇ ನೋಡುತ್ತಿದ್ದಳು.

ವಿಡಿಯೋ ನಿಂತಾಗ ನೀನು ಕೇಳಿದ್ದೆ, 'ನಾ ಏನರ ತಪ್ಪ ಒತ್ತೀನೇನ ಯವ್ವಾ?' ಅಂತ. 'ಊರಾಗ ನೆಟ್‌ವರ್ಕ್ ಸರಿ ಇಲ್ಲವ್ವ' ಅಂದುಬಿಟ್ಟೆ. ಅಂದಿನಿಂದ ನೀನು ಫೋನ್ ಮುಟ್ಟಲಿಕ್ಕೇ ಅಂಜುತ್ತೀ ಅಂತ ಗುರುಪಾದಣ್ಣ ಹೇಳಿದ.

ಸೋಮವ್ವ ಚಿಗವ್ವನ ಕೈಯಲ್ಲಿ ಈ ಪತ್ರದ ಜೊತೆ ಬೇರೆ ಫೋನ್ ಕಳಿಸಿದ್ದೇನೆ. ಬಣ್ಣ ಅಷ್ಟೇನೂ ಚಂದ ಇಲ್ಲ. ಈ ಸಲ ಬಣ್ಣ, ಕ್ಯಾಮೆರಾ ನೋಡದೆ, ಒಳಗಿನ ಆಪರೇಟಿಂಗ್ ಸಿಸ್ಟಮ್ ಹೊಸದೋ, ಇನ್ನೂ ಎಷ್ಟು ವರ್ಷ ಅಪ್‌ಡೇಟ್ ಬರುತ್ತದೋ ಅಂತ ಕೇಳಿ ತೊಗೊಂಡೆ. ಫೋನನ್ನು ನಡೆಸುವುದು ಅದೇ ಅವ್ವಾ. ಅದು ಹಳೆಯದಾದರೆ ಮೇಲೆ ಎಷ್ಟು ಹೊಳೆದರೂ ಒಳಗೆ ಒಂದೊಂದೇ ಆ್ಯಪ್ ನಿಂತುಹೋಗುತ್ತದೆ.

ಅಪ್ಪಗೆ ನಮಸ್ಕಾರ, ಅಣ್ಣನ ಮಕ್ಕಳಿಗೆ ಮುದ್ದು. ದಾನು ಎದ್ದಳು, ಇಷ್ಟಕ್ಕೇ ಬಿಡುತ್ತೇನೆ.

ನಿನ್ನ ಮಗಳು,
ಶಿವಕುಮಾರಿ

ತಾ.ಕ.: ಅವ್ವಾ, ಅದು ನೆಟ್‌ವರ್ಕ್ ಅಲ್ಲ. ನಿನಗೆ ಮೊದಲು ಕೊಟ್ಟ ಆ ಕೆಂಪು ಫೋನ್ ತೊಗೊಳ್ಳುವಾಗಲೇ ನಿನ್ನ ಅಳಿಯ, 'ಇದರ ಸಿಸ್ಟಮ್ ಹಳೇದು, ಭಾಳ ದಿನ ನಡೆಯಂಗಿಲ್ಲ' ಅಂದಿದ್ದರು. ನಾನೇ 'ಅವ್ವಗ ಅಷ್ಟ ಸಾಕು' ಅಂದೆ. ನೀನು ಏನೂ ತಪ್ಪು ಒತ್ತಿಲ್ಲ. ಹೊಸದರಲ್ಲಿ ದಾನುವಿನ ಫೋಟೋದ ಮೇಲೆ ಒತ್ತಿದರೆ ಕಾಲ್ ಹೋಗುತ್ತದೆ. ಅಂಜಬೇಡ, ಒತ್ತು.