ಇಂದ್ರಿ ಹಾಡುವ ದ್ವೀಪಕ್ಕೆ ಹೊರಡುವ ಮುನ್ನ

ಉಣಕಲ್ ದಂಡೆ, ಹುಬ್ಬಳ್ಳಿ
ಗಾಳಿವಾರ, ಕಾರ್ತಿಕ ಬಹುಳ ಪಂಚಮಿ, ಕ್ರಿ.ಶ. 2312

ನನಗಿಂತ ಮುನ್ನೂರು ವರ್ಷ ಮೊದಲೇ ಮದುವೆಯಾದ ಅಕ್ಕಾ,

ಮೇಲಿನ ದಿನಾಂಕ ನೋಡಿ ಗಾಬರಿಯಾಗಬೇಡಿ. ಗಾಳಿವಾರ ಎಂಬುದು ಭಾನುವಾರಕ್ಕೂ ಸೋಮವಾರಕ್ಕೂ ನಡುವೆ ನಾವು ಸೇರಿಸಿಕೊಂಡಿರುವ ಎಂಟನೆಯ ದಿನ. ಅಂದು ಯಂತ್ರಗಳು ಮಲಗಿರುತ್ತವೆ, ಗಾಳಿ ಮಾತ್ರ ಕೆಲಸ ಮಾಡುತ್ತದೆ, ಉಳಿದವರು ಹಪ್ಪಳ ಒಣಗಿಸುತ್ತೇವೆ. ಈ ಕಾಗದದಲ್ಲಿ ನಿಮಗೆ ಗೊತ್ತಿಲ್ಲದ ಇನ್ನೂ ಕೆಲವು ಪದಗಳು ಬರುತ್ತವೆ, ಅದಕ್ಕೆ ಮೊದಲೇ ಕ್ಷಮೆ ಕೇಳುತ್ತೇನೆ. ನನ್ನ ಕನ್ನಡಕ್ಕೂ ಕ್ಷಮೆ ಇರಲಿ. ನಾನು ಇಂಗ್ಲಿಷ್ ಮೀಡಿಯಂನಲ್ಲಿ ಓದಿದವಳು. ಹೌದು, ಅದು ಇನ್ನೂ ಇದೆ. ಈ ಮುನ್ನೂರು ವರ್ಷಗಳಲ್ಲಿ ಏನೇನೋ ಮುಳುಗಿದವು, ಅದು ಮಾತ್ರ ತೇಲಿಕೊಂಡು ಬಂತು.

ನಮ್ಮಲ್ಲಿ ಮದುವೆಯ ದಿನ ಅರುಂಧತಿ ನಕ್ಷತ್ರ ತೋರಿಸಿದ ಮೇಲೆ ಮದುಮಗಳ ಕೈಗೆ ಒಂದು ಖಾಲಿ ಹಾಳೆ ಕೊಡುತ್ತಾರೆ. ನಾವು ನೋಡಿದ ಬೆಳಕು ಎಂದೋ ಹೊರಟದ್ದು, ಹಿಂದಿನ ಕಾಲ ಅಷ್ಟು ದೂರದಿಂದ ನಮಗೊಂದು ಬೆಳಕು ಕಳಿಸಿರುವಾಗ ನಾವು ಒಂದು ಕಾಗದವನ್ನಾದರೂ ಕಳಿಸಬೇಡವೇ ಎಂಬುದು ಹಿರಿಯರ ವಾದ. ಇದಕ್ಕೆ ಹಿನ್ನಂಚೆ ಎನ್ನುತ್ತೇವೆ. ಅದು ಯಾರ ಕೈ ಸೇರಬೇಕೆಂದು ಆರಿಸಲು ಬರುವುದಿಲ್ಲ, ಎಂಥವರ ಕೈ ಸೇರಬೇಕೆಂದು ಮಾತ್ರ ಬರೆಯಬಹುದು. ನಾನು ಲಕೋಟೆಯ ಮೇಲೆ, ‘ಈಗಷ್ಟೇ ಮದುವೆಯಾಗಿ, ಗಂಡನ ಜೊತೆ ಮಡಗಾಸ್ಕರಕ್ಕೆ ಹೋಗುವ ಕನಸು ಕಾಣುತ್ತಿರುವವಳಿಗೆ’ ಎಂದು ಬರೆದಿದ್ದೇನೆ. ಅದು ನೀವೇ ಆಗಿದ್ದರೆ, ಅಕ್ಕಾ, ನಾನೂ ಅದೇ ಕನಸಿನಲ್ಲಿದ್ದೇನೆ! ನನ್ನ ಹೆಸರು ಸಂಪದಾ. ನನ್ನ ಗಂಡ ಶಿವಯೋಗಿ, ಹಡಗಿನ ಹಾಯಿ ಹೊಲಿಯುವವನು. ಮದುವೆಯಾಗಿ ಇನ್ನೂ ಎರಡು ತಿಂಗಳು. ಅವನ ಹೆಸರು ಬರೆಯುವಾಗ ಈಗಲೂ ನನ್ನ ಕೈಬರಹ ಚಂದವಾಗುತ್ತದೆ.

ನಿಮ್ಮ ಕಾಲದಲ್ಲಿ ಜನ ಬೆಳಿಗ್ಗೆ ಹಾರಿ ಸಂಜೆಗೆ ಇಳಿಯುತ್ತಿದ್ದರಂತೆ. ನಾವು ಕಾರವಾರದಿಂದ ಹಾಯಿಹಡಗಿನಲ್ಲಿ ಹೋಗುತ್ತೇವೆ. ಕಾರ್ತಿಕ ಕಳೆದ ಮೇಲೆ ಗಾಳಿ ಆ ಕಡೆಗೆ ಬೀಸುತ್ತದೆ, ಮುಂಗಾರಿನ ಹೊತ್ತಿಗೆ ಈ ಕಡೆಗೆ. ಆದ್ದರಿಂದ ನಮ್ಮ ಹನಿಮೂನ್‌ಗೆ ಅರ್ಧ ವರ್ಷ ಬೇಕು. ಶಿವಯೋಗಿಯ ಗೆಳೆಯರು ಅವನನ್ನು ಬಿಡುತ್ತಾರೆಯೇ? “ಹೋಗೂಮುಂದ ಇಬ್ಬರು, ಬರೂಮುಂದ ಮೂರ ಮಂದಿ! ಹಡಗಿನವ್ರಿಗೆ ಈಗ ಹೇಳಿಡಲೇ, ತೊಟ್ಟಿಲಕ್ಕ ಒಂದು ಕೊಂಡಿ ಹಾಕ್ತಾರ,” ಎಂದು ಬೀದಿಯುದ್ದಕ್ಕೂ ಕೂಗುತ್ತಾರೆ. ಅವನು ಕಿವಿ ಕೆಂಪಗೆ ಮಾಡಿಕೊಂಡು ಸೂಜಿಗೆ ದಾರ ಪೋಣಿಸುತ್ತಾನೆ.

ಮಡಗಾಸ್ಕರದ ನಕ್ಷೆಯನ್ನು ನಡುಮನೆಯ ನೆಲದ ಮೇಲೆ ಹರಡಿಕೊಂಡು ನಾವು ಕಳೆದ ಸಂಜೆಗಳನ್ನು ಹೇಗೆ ವರ್ಣಿಸಲಿ! ನಾನು ಕಡಲಿನ ಕಡೆಯವಳು. ವಾಯವ್ಯದ ಸಣ್ಣ ದ್ವೀಪಗಳ ಬಿಳಿ ಮರಳು, ಗಾಜಿನಂಥ ನೀರು, ಮೊಟ್ಟೆಯಿಡಲು ದಡಕ್ಕೆ ತೆವಳಿ ಬರುವ ಆಮೆಗಳು, ಇಷ್ಟಿದ್ದರೆ ನನಗೆ ಸಾಕಿತ್ತು. ಶಿವಯೋಗಿಯ ಬೆರಳು ಮಾತ್ರ ನಕ್ಷೆಯ ಪೂರ್ವದ ಮಗ್ಗುಲಿಗೇ ಹೋಗುತ್ತಿತ್ತು. ಅಲ್ಲಿ ಇಂದ್ರಿಗಳ ಕಾಡಿದೆ. ಇಂದ್ರಿ ಎಂದರೆ ಕಪ್ಪು ಬಿಳುಪು ತುಪ್ಪಳದ, ಬಾಲವೇ ಇಲ್ಲವೆನ್ನುವಷ್ಟು ಮೋಟು ಬಾಲದ, ಮಗುವಿನಷ್ಟು ಎತ್ತರದ ಪ್ರಾಣಿ. ನಿಂತ ಭಂಗಿಯಲ್ಲೇ ಮರದಿಂದ ಮರಕ್ಕೆ ನೆಗೆಯುತ್ತದೆ. ಬೆಳಗಿನಲ್ಲಿ ಗಂಡು ಹೆಣ್ಣು ಸೇರಿ ಹಾಡುತ್ತವೆ. ಶಾಲೆಯಲ್ಲಿದ್ದಾಗ ಯಾರೋ ಆ ಹಾಡಿನ ಧ್ವನಿಮುದ್ರಣ ಕೇಳಿಸಿದ್ದರಂತೆ, ಅಂದಿನಿಂದ ಶಿವಯೋಗಿಗೆ ಬೇರೆ ಆಸೆಯೇ ಇಲ್ಲ. ನನ್ನನ್ನು ನೋಡಲು ಬಂದ ದಿನವೂ ಅವನು ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ: “ಇಂದ್ರಿ ಹಾಡು ಕೇಳೀರೇನು?” ಕೇಳಿಲ್ಲ ಎಂದೆ. “ಕೇಳೂಣಂತ,” ಎಂದ. ಅಷ್ಟಕ್ಕೇ ನಾನು ಒಪ್ಪಿಬಿಟ್ಟೆ, ಅಕ್ಕಾ.

ಆದರೆ ಆ ಕಾಡಿಗೆ ಸುಮ್ಮನೆ ಹೋಗಲು ಬರುವುದಿಲ್ಲ. ನಡುವಿನ ಶತಮಾನವೊಂದರಲ್ಲಿ ಅದು ಅಂಗೈಯಷ್ಟು ಉಳಿದಿತ್ತಂತೆ. ನಿಮ್ಮ ಕಾಲದಲ್ಲೇ ಯಾರೋ ಹಟ ಹಿಡಿದು ಕಾಯ್ದದ್ದಕ್ಕೆ ಆ ಅಂಗೈಯಷ್ಟಾದರೂ ಉಳಿಯಿತು, ದ್ವೀಪದ ಜನ ಅದರಿಂದಲೇ ಬೀಜ ತೆಗೆದು ಈಗ ಗುಡ್ಡಗುಡ್ಡವನ್ನೇ ಮತ್ತೆ ಹಸಿರು ಮಾಡಿದ್ದಾರೆ. ಅವರ ಸಹನೆ ನೆನೆದರೆ ನನಗೆ ಕೈ ಮುಗಿಯಬೇಕೆನಿಸುತ್ತದೆ. ಆ ಕಾಡಿನೊಳಗೆ ಕಾಲಿಡುವವರಿಗೆ ಅವರದು ಒಂದೇ ಷರತ್ತು: ಸುಮ್ಮನಿಕೆ. ಹೊರಡುವ ಮೊದಲು ನಮ್ಮ ಸೀಮೆಯ ಕಾಡಿನಲ್ಲೇ ಕೂತು, ಒಂದು ಕಾಡುಪ್ರಾಣಿ ತಾನಾಗಿ ಹತ್ತಿರ ಬಂದು ಹೋಗುವ ತನಕ ಮಾತಾಡದೆ ಇರಬೇಕು. ಇದ್ದವರಿಗೆ ಕಾಡು ತೆರೆಯುತ್ತದೆ. ಮಾತಾಡಿದವರಿಗೆ ಕಡಲತೀರ ಮಾತ್ರ. ಕಡಲಿಗೆ ನಮ್ಮ ಗದ್ದಲ ಲೆಕ್ಕಕ್ಕಿಲ್ಲವಂತೆ. ಒಬ್ಬರಿಗೆ ಜೀವನದಲ್ಲಿ ಒಂದೇ ಸುಮ್ಮನಿಕೆ. ತಪ್ಪಿದರೆ ಮತ್ತೆ ಆ ಕಾಡಿಲ್ಲ.

ಈಗ ನಮ್ಮ ಮನೆಯವರೆಲ್ಲ ಯಾರ ಮುಖ ನೋಡಿರಬೇಕು ಹೇಳಿ? ನನ್ನದೇ. ನಾನು ನಿದ್ದೆಯಲ್ಲೂ ಮಾತಾಡುವವಳು. ಅತ್ತೆ ನೀಲಾಂಬಿಕಾ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ, “ಏನವಾ ಸಂಪದಾ, ನೀ ಬಾಯಿ ಮುಚ್ಚಿಕೊಂಡು ಕುಂದ್ರತಿ ಅಂದ್ರ ಉಣಕಲ್ ಕೆರಿ ಕಪ್ಪಿ ಸೈತ ನಂಬಂಗಿಲ್ಲ,” ಎಂದರು. ನಾನು ಮನೆಯಲ್ಲೇ ಅಭ್ಯಾಸಕ್ಕೆ ಕೂತೆ. ಹಾಲು ಉಕ್ಕಿತು, ಹೇಳಲಿಲ್ಲ. ಬೆಕ್ಕು ಅತ್ತೆಯ ಹಾಸಿಗೆಯ ಮೇಲೆ ಮರಿ ಹಾಕಿತು, ಹೇಳಲಿಲ್ಲ. “ಮೌನವ್ರತ ಸಾಕ ಮಾಡವಾ ತಾಯಿ, ಮನಿ ಹಾಳಾಗತೈತಿ!” ಎಂದು ಅತ್ತೆಯೇ ಕೊನೆಗೆ ಬೇಡಿಕೊಂಡರು.

ಶಿವಯೋಗಿಯ ಬಗ್ಗೆ ಯಾರಿಗೂ ಚಿಂತೆಯಿರಲಿಲ್ಲ. ಅವನು ದಿನಕ್ಕೆ ನಾಲ್ಕು ಮಾತು ಆಡಿದರೆ ಹಬ್ಬ. ಆದರೆ ಅವರ ಮನೆಯಲ್ಲಿ ಒಂದು ಪದ್ಧತಿ ಇದೆ. ಕಾಮನಬಿಲ್ಲು ಮೂಡಿದರೆ, ಬಳ್ಳಿಗೆ ಮೊದಲ ಹೂವು ಬಂದರೆ, ಕೊನೆಗೆ ಜೋಳದ ರೊಟ್ಟಿ ಪೂರಾ ಉಬ್ಬಿದರೂ ಸರಿ, ನೋಡಿದವರು ಕೂಗಿ ಕರೆದು ಉಳಿದವರಿಗೆ ತೋರಿಸಲೇಬೇಕು. “ಒಬ್ಬರೇ ನೋಡಿದ್ದು ಕದ್ದು ನೋಡಿದಂಗ,” ಎಂದು ಅತ್ತೆ ಮಗನನ್ನು ಬೆಳೆಸಿದ್ದಾರೆ. ಇಡೀ ದಿನ ತುಟಿ ಬಿಚ್ಚದ ಶಿವಯೋಗಿ ಅಂಗಳದಿಂದ “ಸಂಪೀ, ಲಗೂನ ಬಾ!” ಎಂದು ಕೂಗುವುದು ಅದೊಂದಕ್ಕೇ. ಮದುವೆಯಾದ ಹೊಸತರಲ್ಲಿ ಹಾವು ಬಂತೇನೋ ಎಂದು ಓಡಿದ್ದೆ. ಮೋಡ ಆನೆಯ ಹಾಗೆ ಕಾಣುತ್ತಿತ್ತು, ಅಷ್ಟೇ.

ಕಳೆದ ವಾರ ದಾಂಡೇಲಿಯ ಕಿವಿಮನೆಗೆ ಹೋದೆವು. ಕಿವಿಮನೆ ಎಂದರೆ ಕಾಳಿ ನದಿಯ ಮೇಲಿನ ಕಾಡಿನಲ್ಲಿ ಮರಕ್ಕೆ ಒರಗಿಸಿ ಕಟ್ಟಿದ ಅಟ್ಟ. ಅಲ್ಲಿ ಸುಮ್ಮನಿಕೆ ನಡೆಸಿಕೊಡುವ ಕೇಳುಗಿತ್ತಿ ಮಡಗಾಸ್ಕರದ ಹೆಂಗಸು, ಹೆಸರು ವುಲಾ. ದಾಂಡೇಲಿಯಲ್ಲೇ ಅರ್ಧ ಆಯುಷ್ಯ ಕಳೆದವಳು. “ಕೆಮ್ಮು ಬಂದ್ರ ಕೆಮ್ರಿ, ಸೀನು ಬಂದ್ರ ಸೀನ್ರಿ. ಮಾತ ಮಾತ್ರ ಬ್ಯಾಡ,” ಎಂದು ಹೇಳಿ ನನ್ನ ಕಡೆಗೇ ದಿಟ್ಟಿಸಿ ನೋಡಿದಳು. ನಮ್ಮ ನಡುವೆ ಒಂದು ಕುಂಡ ಇಟ್ಟಳು. ಅದರಲ್ಲಿ ‘ಮಾತಾಡಿದರೆ ಮುನಿ’ ಗಿಡ. ನಿಮ್ಮ ಮುಟ್ಟಿದರೆ ಮುನಿಯ ದೂರದ ಮೊಮ್ಮಗಳು. ಮನುಷ್ಯರ ಮಾತು ಕೇಳಿದರೆ ಎಲೆ ಮಡಚಿಕೊಳ್ಳುತ್ತದೆ, ಸಂಜೆಯ ತನಕ ಬಿಚ್ಚುವುದಿಲ್ಲ. ಯಾರು ಮಾತಾಡಿದರು ಎಂದು ಮಾತ್ರ ಹೇಳಲಾರದು. ಅದನ್ನಿಟ್ಟು ವುಲಾ ನದಿಯ ದಂಡೆಗೆ ಇಳಿದು ಹೋದಳು.

ಇನ್ನೂ ಸೂರ್ಯ ಹುಟ್ಟಿರಲಿಲ್ಲ. ಮಂಜು ಎಲೆಗಳಿಂದ ತೊಟ್ಟಿಕ್ಕುತ್ತಿತ್ತು. ಹಾರ್ನ್‌ಬಿಲ್ ಹಕ್ಕಿಯೊಂದು ಹಾಯಿ ಬಡಿದಂತೆ ರೆಕ್ಕೆಯ ಸದ್ದು ಮಾಡುತ್ತ ದೂರದಲ್ಲಿ ಹಾದುಹೋಯಿತು. ಅಕ್ಕಾ, ನನ್ನ ನಾಲಿಗೆಯ ತುದಿಯಲ್ಲಿ ಎಷ್ಟು ಮಾತುಗಳಿದ್ದವು! ಚಳಿ ಅಂತ ಹೇಳಬೇಕಿತ್ತು, ಈ ವಾಸನೆ ಯಾವ ಹೂವಿನದು ಅಂತ ಕೇಳಬೇಕಿತ್ತು, ನಿನ್ನ ರೆಪ್ಪೆಯ ಮೇಲೆ ಮಂಜು ಕೂತಿದೆ ಅಂತ ಹೇಳಬೇಕಿತ್ತು. ಕೆಳತುಟಿ ಕಚ್ಚಿಕೊಂಡೆ. ನನ್ನಿಂದ ಅವನ ಇಂದ್ರಿ ತಪ್ಪಬಾರದು ಎಂದಷ್ಟೇ ಮನಸ್ಸಿನಲ್ಲಿ ಜಪಿಸುತ್ತಿದ್ದೆ.

ಆಗ ಶಿವಯೋಗಿಯ ಕಣ್ಣು ನನ್ನ ಹೆಗಲ ಹಿಂದೆ ಎಲ್ಲೋ ನೆಟ್ಟಿತು. ಮುಖ ಅರಳಿತು. “ಸಂಪೀ! ಹಿಂದ ನೋಡ, ಕಾಡಪಾಪ!”

ನಾನು ಮೆಲ್ಲಗೆ ತಿರುಗಿದೆ. ಕೈಗೆಟಕುವಷ್ಟು ಹತ್ತಿರದ ಕೊಂಬೆಯಲ್ಲಿ ಮುಷ್ಟಿಯಷ್ಟು ಮೈ, ಕಡ್ಡಿಯಂಥ ಕೈಕಾಲು, ಮುಖದ ತುಂಬ ಕಣ್ಣು. ರಾತ್ರಿಯ ಬೇಟೆ ಮುಗಿಸಿ ಮಲಗಲು ಹೊರಟಿದ್ದಿರಬೇಕು. ಕಾಡುಪಾಪ ಇಂದ್ರಿಗೆ ದೂರದ ನೆಂಟ ಎಂದು ಶಿವಯೋಗಿಯೇ ಹಿಂದೊಮ್ಮೆ ಹೇಳಿದ್ದ. ಅದು ನಮ್ಮಿಬ್ಬರನ್ನೂ ಒಂದು ಗಳಿಗೆ ನೋಡಿ, ಒಂದೊಂದೇ ಬೆರಳು ಬಿಡಿಸುತ್ತ ಮೇಲೇರಿ ಮರೆಯಾಯಿತು. ನಾನು ತುಟಿ ಎರಡು ಮಾಡಲಿಲ್ಲ. ನಮ್ಮ ನಡುವಿನ ಗಿಡ ಅಷ್ಟರಲ್ಲಿ ಎಲೆಗಳನ್ನೆಲ್ಲ ಮಡಚಿಕೊಂಡಿತ್ತು. ಶಿವಯೋಗಿ ಅದನ್ನು ನೋಡಿದ, ಆಮೇಲೆ ಅಂಗೈಯಿಂದ ಬಾಯಿ ಮುಚ್ಚಿಕೊಂಡ.

ವುಲಾ ಮೇಲೆ ಬಂದು ಗಿಡ ನೋಡಿ, ನನ್ನನ್ನು ನೋಡಿ ನಿಟ್ಟುಸಿರಿಟ್ಟಳು. “ಅಲ್ಲಬೇ, ಒಂದ ಮುಂಜಾನಿ ತಡಕೊಳ್ಳಾಕ ಆಗ್ಲಿಲ್ಲೇನು?” ಎಂದಳು. ಹೌದು, ನಾನೇ ಎಂದುಬಿಡಬೇಕೆಂದು ಬಾಯಿ ತೆರೆದೆ. ನನಗೆ ಕಡಲು ಸಾಕಿತ್ತಲ್ಲವೇ? ಕಾಡು ಅವನಿಗೆ ಸಿಗುತ್ತಿತ್ತು. ಅಂದು ಎರಡನೆಯ ಸಲ ಅವನು ನನಗಿಂತ ಮುಂಚೆ ಮಾತಾಡಿದ.

“ಆಕಿ ಅಲ್ರಿ. ನಾನು.”

ವುಲಾ ನಂಬದೆ ನಮ್ಮಿಬ್ಬರ ಮುಖವನ್ನೂ ನೋಡಿದಳು. ಆಮೇಲೆ ನಕ್ಕಳು, ನಗು ಅರ್ಧಕ್ಕೇ ನಿಂತಿತು. “ನಿಯಮ ನನ್ನದಲ್ಲಪಾ,” ಎಂದು ಅವನ ಬೆನ್ನ ಮೇಲೆ ಕೈಯಿಟ್ಟಳು.

ಮನೆಗೆ ಬಂದು ಹೇಳಿದಾಗ ಅತ್ತೆ, “ನಾ ಹಡದ ಮಗಾ ಮಾತಾಡಿದ್ನಾ?” ಎಂದು ಮೊದಲು ನಕ್ಕು, ಆಮೇಲೆ ಒಲೆಯ ಕಡೆ ತಿರುಗಿ ಸೆರಗಿನಿಂದ ಕಣ್ಣೊರೆಸಿಕೊಂಡರು. “ಕರದು ತೋರಿಸು ಅಂತ ಕಲಿಸಿದಾಕಿ ನಾನ,” ಎಂದರು. ನಾನು ನಕ್ಷೆ ಮಡಚಿಟ್ಟೆ. ಕಾಡೇ ಬೇಡ, ಇಬ್ಬರೂ ಮರಳಿನ ಮೇಲೆ ಬಿದ್ದುಕೊಂಡಿರೋಣ, ಆಮೆ ನೋಡೋಣ, ತೆಂಗಿನ ನೀರು ಕುಡಿಯೋಣ ಎಂದು ಅಳುತ್ತಲೇ ಒಂದು ಗಂಟೆ ಮಾತಾಡಿದೆ. ಅವನು ಪೂರ್ತಿ ಕೇಳಿಸಿಕೊಂಡ. ಆಮೇಲೆ ನಕ್ಷೆ ಮತ್ತೆ ಬಿಡಿಸಿ, ಕಾಡಿನ ಅಂಚಿನ ಒಂದು ಹಳ್ಳಿಯ ಮೇಲೆ ಬೆರಳಿಟ್ಟ. ಇಂದ್ರಿಯ ಹಾಡು ಗುಡ್ಡ ದಾಟಿ ಅಲ್ಲಿಯ ತನಕ ಬರುತ್ತದೆ, ಕೇಳುವುದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ ಎಂದು ಕಿವಿಮನೆಯ ಮೆಟ್ಟಿಲಿಳಿಯುವಾಗ ವುಲಾ ಅವನ ಕಿವಿಯಲ್ಲಿ ಹೇಳಿದ್ದಳಂತೆ.

“ನಾ ಇಲ್ಲೇ ಹಾಯಿ ಹೊಲಕೋತ ಕುಂದ್ರತೀನಿ. ನೀ ಒಳಗ ಹೋಗು, ನೋಡಿ ಬಾ,” ಎಂದ. “ಬಂದು ಹೇಳು. ಎಲ್ಲಾ ಹೇಳು, ಸಂಪೀ. ಒಂದೂ ಬಿಡಬ್ಯಾಡ.”

ಅಕ್ಕಾ, ಹುಟ್ಟಿದಾಗಿನಿಂದ ನನಗೆ ಎಲ್ಲರೂ ಹೇಳಿದ್ದು ‘ಸಾಕು ಮಾಡು’ ಎಂದೇ. ಒಂದೂ ಬಿಡಬೇಡ ಎಂದವನು ಇವನೊಬ್ಬ.

ಹಾಗಾಗಿ ನಮ್ಮ ಪ್ಲಾನ್ ಬದಲಾಗಿದೆ, ಮತ್ತು ಮೊದಲಿಗಿಂತ ಚೆನ್ನಾಗಿದೆ ಎಂದೇ ನಾನು ಹೇಳುವವಳು. ಮೊದಲು ಬಿಳಿ ಮರಳಿನ ತೀರ, ಇಬ್ಬರೂ ಒಟ್ಟಿಗೆ, ಬಾಯಿ ನೋಯುವಷ್ಟು ಮಾತು. ಆಮೇಲೆ ಪೂರ್ವಕ್ಕೆ. ಪಾಚಿಚಪ್ಪಲಿ ಕಟ್ಟಿಟ್ಟಿದ್ದೇನೆ, ಅದು ಹೆಜ್ಜೆಯ ಗುರುತು ಉಳಿಸದ ಮೆತ್ತನೆಯ ಚಪ್ಪಲಿ. ಉಪ್ಪುನೀರಿಗೆ ಬಣ್ಣ ಬಿಡದ ಸೀರೆ ಕೊಂಡಿದ್ದೇನೆ. ಅತ್ತೆ ಬಿಳಿಜೋಳದ ಕಡಕ್ ರೊಟ್ಟಿಯನ್ನು ಪೇರಿಸಿ ಕಟ್ಟುತ್ತಿದ್ದಾರೆ. ಮೊಳಕೆಯೊಡೆಯುವ ಕಾಳನ್ನು ಆ ದ್ವೀಪದಲ್ಲಿ ಇಳಿಸಗೊಡುವುದಿಲ್ಲ, ಅದಕ್ಕೇ ಶೇಂಗಾವನ್ನು ಚಟ್ನಿಪುಡಿ ಮಾಡಿ, “ಇನ್ನ ಇದು ಹೆಂಗ ಮೊಳಿತೈತೋ ನಾನೂ ನೋಡ್ತೀನಿ,” ಎಂದು ಗೆದ್ದವರ ಹಾಗೆ ಡಬ್ಬಿ ಮುಚ್ಚಿದರು.

ಇಷ್ಟೇ ನನ್ನ ಸುದ್ದಿ. ಒಂದು ಬೇಡಿಕೆ ಮಾತ್ರ ಉಳಿದಿದೆ. ನಿಮ್ಮ ಕಾಲದಲ್ಲಿ, ನೀವು ಅಲ್ಲಿಗೆ ಹೋಗುವ ಹೊತ್ತಿಗೆ, ಆ ಕಾಡಿನಲ್ಲಿ ಮಾತಾಡುವುದು ಇನ್ನೂ ತಪ್ಪಾಗಿರುವುದಿಲ್ಲ. ಬೆಳಿಗ್ಗೆ ಬೇಗ ಏಳಿ. ಇಂದ್ರಿಯ ಹಾಡು ಮುಗಿಯುವ ತನಕ ಸುಮ್ಮನಿರಿ, ಅದು ಅದರ ಮನೆ. ಆಮೇಲೆ ಎಲೆಗಳ ನಡುವೆ ಆ ಕಪ್ಪು ಬಿಳುಪು ಮುಖ ಮೊದಲು ನಿಮಗೆ ಕಂಡರೆ, ನಿಮ್ಮವರ ತೋಳು ಹಿಡಿದು, ಮೆಲ್ಲಗೆ, “ಅಲ್ಲಿ ನೋಡು,” ಎಂದು ಕರೆಯಿರಿ. ಶಿವಯೋಗಿಯ ಪಾಲಿನ ಆ ಒಂದು ಕರೆಯನ್ನು ನೀವು ಕರೆದುಬಿಡಿ. ಊರಿಗೆ ಮರಳಿದ ಮೇಲೆ ಆ ಕಾಡನ್ನು ಕಾಯುತ್ತಿರುವವರ ಕೈ ಬಿಡಬೇಡಿ. ಮುನ್ನೂರು ವರ್ಷದ ಈಚೆಗೆ, ಕಾಡಿನಂಚಿನ ಹಳ್ಳಿಯಲ್ಲಿ ಒಬ್ಬ ಸೂಜಿ ಹಿಡಿದ ಕೈಯನ್ನು ನಿಲ್ಲಿಸಿ ಗುಡ್ಡದ ಕಡೆ ಕಿವಿಗೊಟ್ಟು ಕೂತಿರುತ್ತಾನೆ. ಅವನಿಗೆ ಹೇಳುವುದಕ್ಕೆ ನನ್ನ ಹತ್ತಿರ ತುಂಬಾ ಇರಬೇಕು.

ನಿಮ್ಮ ತಂಗಿ,
ಸಂಪದಾ